ಸಣ್ಣ ಷೇರುದಾರನೇ ಹೊರಬಾಗಿಲು: ದೊಡ್ಡ ಕುಳಗಳು ಷೇರು ಬೆಲೆ ಕುಣಿಸುವ ಬಗೆ

ಷೇರು ಪೇಟೆಯಲ್ಲಿ ಸಣ್ಣ ಹೂಡಿಕೆದಾರ ಹಣ ಕಳೆದುಕೊಂಡಾಗಲೆಲ್ಲ ಕೇಳಿಬರುವ ಮಾತೊಂದಿದೆ: 'ದೊಡ್ಡವರು ಸೇರಿಕೊಂಡು ಆಟವಾಡಿಬಿಟ್ಟರು.' ಈ ಮಾತು ಎಲ್ಲ ಸಂದರ್ಭಗಳಲ್ಲೂ ನಿಜವಲ್ಲ. ಕಂಪನಿಯ ಲಾಭ ಕುಗ್ಗಿದರೆ, ಬಡ್ಡಿದರ ಏರಿದರೆ, ವಿದೇಶಿ ಪೇಟೆಗಳು ಮುಗ್ಗರಿಸಿದರೆ ಯಾರ ಕೈವಾಡವೂ ಇಲ್ಲದೆ ಬೆಲೆ ಇಳಿಯುತ್ತದೆ. ಆದರೆ ಕಳೆದ ಮೂರು ದಶಕಗಳ ಸಂಸದೀಯ ಸಮಿತಿಗಳ ವರದಿಗಳನ್ನೂ ಷೇರು ಪೇಟೆ ನಿಯಂತ್ರಣ ಮಂಡಳಿಯಾದ ಸೆಬಿಯ ಆದೇಶಗಳನ್ನೂ ತಿರುವಿ ಹಾಕಿದವರಿಗೆ, ಈ ದೂರನ್ನು ಸೋತವರ ಗೊಣಗಾಟವೆಂದು ತಳ್ಳಿಹಾಕಲೂ ಮನಸ್ಸು ಬಾರದು.

ಆಟ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೇಗೆ ನಡೆಯುತ್ತದೆ ಎಂಬುದು ಗೊತ್ತಿರುವವರು ಕಡಿಮೆ. ಬೆಲೆಯನ್ನು ಏರಿಸುವುದು ಈ ಆಟದ ಸುಲಭದ ಭಾಗ. ಏರಿಸಿದ ಬೆಲೆಯಲ್ಲಿ ತಮ್ಮ ಕೈಯಲ್ಲಿರುವ ಷೇರುಗಳನ್ನು ಬೇರೆಯವರಿಗೆ ದಾಟಿಸುವುದೇ ಕಷ್ಟದ ಭಾಗ. ಕೊಳ್ಳುವ ಆ 'ಬೇರೆಯವರು' ಬಹುಪಾಲು ಸಂದರ್ಭಗಳಲ್ಲಿ ಸಣ್ಣ ಷೇರುದಾರರೇ. ಒಳಗೆ ಹೊಕ್ಕ ದೊಡ್ಡ ಕುಳಗಳಿಗೆ ಅವರೇ ಹೊರಬಾಗಿಲು. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಹಗರಣಗಳ ಹೆಸರು, ತಂತ್ರಜ್ಞಾನ ಬದಲಾದರೂ ಒಳಗಿನ ಹೂರಣ ಬದಲಾಗಿಲ್ಲವೆಂಬುದು ಮನವರಿಕೆಯಾಗುತ್ತದೆ.

ಬೆಲೆ ಎಂದರೇನು?

ಪರದೆಯ ಮೇಲೆ ಕಾಣುವ ಷೇರಿನ ಬೆಲೆ ಕಂಪನಿಯ ಮೌಲ್ಯವನ್ನು ಯಾರೋ ತೂಗಿ ಅಳೆದು ಹೇಳಿದ ಅಂಕಿಯಲ್ಲ. ಕಟ್ಟಕಡೆಯ ವಹಿವಾಟು ಯಾವ ದರದಲ್ಲಿ ನಡೆಯಿತೋ ಅದೇ ಆ ಕ್ಷಣದ ಬೆಲೆ. ಒಂದು ಕೋಟಿ ಷೇರುಗಳಿರುವ ಕಂಪನಿಯಲ್ಲಿ ನೂರೇ ನೂರು ಷೇರುಗಳು ಕೈ ಬದಲಾಯಿಸಿದರೂ ಉಳಿದೆಲ್ಲ ಷೇರುಗಳ ಮೌಲ್ಯವನ್ನು ಆ ನೂರು ಷೇರುಗಳ ದರದಿಂದಲೇ ಲೆಕ್ಕ ಹಾಕಲಾಗುತ್ತದೆ. ಆಟಗಾರರು ಹಿಡಿಯುವುದು ಈ ಎಳೆಯನ್ನೇ.

ಎರಡನೆಯ ಅಂಶ, ಪೇಟೆಯಲ್ಲಿ ನಿಜವಾಗಿ ಓಡಾಡುವ ಷೇರುಗಳ ಸಂಖ್ಯೆ. ಪ್ರವರ್ತಕರ ಪಾಲು ಸಾಮಾನ್ಯವಾಗಿ ಮಾರಾಟಕ್ಕೆ ಬರುವುದಿಲ್ಲ. ಉಳಿದುದರಲ್ಲಿ ದೊಡ್ಡ ಭಾಗವನ್ನು ಒಂದೇ ಗುಂಪು ಕೂಡಿಟ್ಟುಕೊಂಡರೆ ಓಡಾಡುವ ಷೇರುಗಳು ಬೆರಳೆಣಿಕೆಯಷ್ಟಾಗುತ್ತವೆ. ಕೆರೆಯ ನೀರನ್ನು ಬಣ್ಣಗೆಡಿಸಲು ಬಹಳ ಬಣ್ಣ ಬೇಕು, ಚೊಂಬಿನ ನೀರಿಗೆ ಒಂದು ಚಿಟಿಕೆ ಸಾಕು. ಇನ್ಫೋಸಿಸ್‌ನಂತಹ ಬೃಹತ್ ಕಂಪನಿಯ ಷೇರನ್ನು ದಿನಗಟ್ಟಲೆ ಕೃತಕವಾಗಿ ಏರಿಸುವುದು ಯಾರಿಗೂ ಸುಲಭವಲ್ಲ. ಹೆಸರು ಕೇಳರಿಯದ ಸಣ್ಣ ಕಂಪನಿಯ ಷೇರಿಗೆ ಕೆಲವು ಕೋಟಿ ರೂಪಾಯಿ ಸಾಕಾಗುತ್ತದೆ.

ಸುತ್ತಿ ಸುತ್ತಿ ಮಾರುವ ಲೆಕ್ಕ

ಜಾನುವಾರು ಜಾತ್ರೆಯಲ್ಲಿ ದಲ್ಲಾಳಿಯು ತನ್ನವರನ್ನೇ ಗಿರಾಕಿಗಳಂತೆ ನಿಲ್ಲಿಸಿ ಎತ್ತಿನ ಬೆಲೆ ಏರಿಸುವ ಉಪಾಯ ನಮ್ಮ ಹಳ್ಳಿಗರಿಗೆ ಹೊಸದಲ್ಲ. ಷೇರು ಪೇಟೆಯಲ್ಲಿ ಇದಕ್ಕೆ ವೃತ್ತಾಕಾರದ ವಹಿವಾಟು ಎಂದು ಹೆಸರು. 'ಅ' ಎಂಬಾತ 'ಆ' ಎಂಬಾತನಿಗೆ ಮಾರುತ್ತಾನೆ, ಅವನು ಸ್ವಲ್ಪ ಹೆಚ್ಚಿನ ದರಕ್ಕೆ 'ಇ' ಎಂಬಾತನಿಗೆ ಮಾರುತ್ತಾನೆ, 'ಇ' ಮತ್ತೆ 'ಅ'ನಿಗೇ ಮಾರುತ್ತಾನೆ. ಮೂವರೂ ಒಂದೇ ಗುಂಪಿನವರು. ಗುಂಪಿನ ಹಣ ಗುಂಪಿನಲ್ಲೇ ಉಳಿಯುತ್ತದೆ, ದಲ್ಲಾಳಿ ಶುಲ್ಕ ಮತ್ತು ತೆರಿಗೆ ಮಾತ್ರ ಖರ್ಚು. ಹೊರಗಿನಿಂದ ನೋಡುವವನಿಗೆ ಕಾಣುವುದು ಎರಡೇ: ಬೆಲೆ ದಿನೇ ದಿನೇ ಏರುತ್ತಿದೆ, ವಹಿವಾಟಿನ ಪ್ರಮಾಣವೂ ಏರುತ್ತಿದೆ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಕಂಪನಿಯೊಂದರಲ್ಲಿ ಒಂದು ಕೋಟಿ ಷೇರುಗಳಿವೆ, ಬೆಲೆ 20 ರೂಪಾಯಿ. ಪ್ರವರ್ತಕರಲ್ಲಿ 65 ಲಕ್ಷ ಷೇರುಗಳಿವೆ. ಗುಂಪೊಂದು ಬೇರೆ ಬೇರೆ ಹೆಸರುಗಳಲ್ಲಿ 25 ಲಕ್ಷ ಷೇರುಗಳನ್ನು 5 ಕೋಟಿ ರೂಪಾಯಿಗೆ ಸದ್ದಿಲ್ಲದೆ ಕೂಡಿಟ್ಟುಕೊಂಡಿದೆ. ಕಾಗದದ ಮೇಲೆ ಇದೆಲ್ಲವೂ 'ಸಾರ್ವಜನಿಕರ' ಪಾಲೇ. ನಿಜವಾದ ಸಾರ್ವಜನಿಕರ ಬಳಿ ಇರುವುದು ಹತ್ತು ಲಕ್ಷ ಮಾತ್ರ. ಇಂತಹ ಷೇರಿಗೆ ದಿನದ ಏರಿಳಿತದ ಮಿತಿ ಶೇ. 5 ಎಂದಿಟ್ಟುಕೊಳ್ಳಿ. ದಿನವೂ ಶೇ. 5ರಷ್ಟು ಏರಿಸುತ್ತಾ ಹೋದರೆ 33 ವಹಿವಾಟು ದಿನಗಳಲ್ಲಿ, ಅಂದರೆ ಸುಮಾರು ಒಂದೂವರೆ ತಿಂಗಳಲ್ಲಿ, 20 ರೂಪಾಯಿ ನೂರಾಗುತ್ತದೆ.

ಇನ್ನು ಬೇಕಿರುವುದು ಸುದ್ದಿ. ಕಂಪನಿಗೆ ಭಾರಿ ಗುತ್ತಿಗೆ ದೊರೆಯಲಿದೆ, ದೊಡ್ಡ ಉದ್ಯಮ ಸಮೂಹವೊಂದು ಇದನ್ನು ಕೊಳ್ಳಲಿದೆ ಎಂಬ ಮಾತು ಹರಡುತ್ತದೆ. ಬೆಲೆ ಏರಿಕೆಯೇ ಆ ಸುದ್ದಿಗೆ ಸಾಕ್ಷಿಯಾಗುತ್ತದೆ. ಸಣ್ಣ ಹೂಡಿಕೆದಾರರು ನುಗ್ಗುತ್ತಾರೆ. ಗುಂಪು ತನ್ನ 25 ಲಕ್ಷ ಷೇರುಗಳನ್ನು ಸರಾಸರಿ 80 ರೂಪಾಯಿಗೆ ಮಾರಿದರೂ ಕೈಗೆ ಬರುವುದು 20 ಕೋಟಿ. ಹಾಕಿದ ಐದು ಕೋಟಿ ಕಳೆದರೆ ಲಾಭ ಹದಿನೈದು ಕೋಟಿ. ಆ ಹದಿನೈದು ಕೋಟಿ ಕಂಪನಿಯ ಲಾಭದಿಂದ ಬಂದದ್ದಲ್ಲ, ಕೊನೆಗೆ ಕೊಂಡವರ ಉಳಿತಾಯದಿಂದ ಬಂದದ್ದು.

ಇಳಿಯುವ ಹೊತ್ತಿನ ಕ್ರೌರ್ಯ ಇನ್ನೂ ಹೆಚ್ಚು. ಏರುವಾಗ ಇದ್ದ ಅದೇ ಶೇ. 5ರ ಮಿತಿ ಇಳಿಯುವಾಗ ಬೀಗವಾಗುತ್ತದೆ. ಬೆಳಿಗ್ಗೆ ಪೇಟೆ ತೆರೆದ ಕೂಡಲೇ ಷೇರು ಕೆಳಮಿತಿಗೆ ಬಡಿದು ನಿಲ್ಲುತ್ತದೆ. ಮಾರುವವರ ಸಾಲು ಲಕ್ಷಗಳಲ್ಲಿರುತ್ತದೆ, ಕೊಳ್ಳುವವರ ಕಾಲಂ ಸೊನ್ನೆಯಾಗಿರುತ್ತದೆ. ಸಣ್ಣ ಷೇರುದಾರ ನಷ್ಟವನ್ನೊಪ್ಪಿ ಮಾರಲು ಸಿದ್ಧನಿದ್ದರೂ ಮಾರಲಾಗದೆ, ದಿನದಿನಕ್ಕೂ ಕರಗುವ ಹಣವನ್ನು ನೋಡುತ್ತಾ ಕೂರಬೇಕಾಗುತ್ತದೆ.

1992: ಬ್ಯಾಂಕಿನ ಹಣ, ಪೇಟೆಯ ಗೂಳಿ

ಈ ಆಟ ದೇಶದ ಮನೆಮಾತಾದದ್ದು 1992ರಲ್ಲಿ. ಮುಂಬೈನ ದಲ್ಲಾಳಿ ಹರ್ಷದ್ ಮೆಹ್ತಾ ಬ್ಯಾಂಕುಗಳ ನಡುವಿನ ಸರ್ಕಾರಿ ಸಾಲಪತ್ರ ವಹಿವಾಟಿನ ಲೋಪಗಳನ್ನು ಬಳಸಿಕೊಂಡು ಬ್ಯಾಂಕಿನ ಹಣವನ್ನು ಷೇರು ಪೇಟೆಗೆ ಹರಿಸಿದರು. ಎಸಿಸಿ ಸಿಮೆಂಟ್ ಷೇರು ಕೆಲವು ನೂರು ರೂಪಾಯಿಗಳಿಂದ ಒಂಬತ್ತು ಸಾವಿರದ ಆಸುಪಾಸಿಗೆ ಏರಿತು. ಏಪ್ರಿಲ್ ತಿಂಗಳಲ್ಲಿ ಸೆನ್ಸೆಕ್ಸ್ 4,467ಕ್ಕೆ ಮುಟ್ಟಿತ್ತು. ಅದೇ ತಿಂಗಳ 23ರಂದು ಪತ್ರಕರ್ತೆ ಸುಚೇತಾ ದಲಾಲ್ ಅವರ ವರದಿ ಪ್ರಕಟವಾದ ನಂತರ ಒಂದೊಂದೇ ಸಂಗತಿ ಹೊರಬಿತ್ತು. ಒಂದು ವರ್ಷದೊಳಗೆ ಸೂಚ್ಯಂಕ ಅರ್ಧಕ್ಕೂ ಕೆಳಗಿಳಿದಿತ್ತು.

ರಿಸರ್ವ್ ಬ್ಯಾಂಕ್ ನೇಮಿಸಿದ ಜಾನಕಿರಾಮನ್ ಸಮಿತಿಯ ವರದಿಗಳಲ್ಲಿ ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ಕೆನರಾ ಬ್ಯಾಂಕಿನ ಅಂಗಸಂಸ್ಥೆ ಕ್ಯಾನ್‌ಫಿನಾದ ವಹಿವಾಟುಗಳೂ ಪ್ರಸ್ತಾಪವಾಗಿದ್ದವು. ಆಗಿನ ಪೇಟೆಯಲ್ಲಿ ಕಾಗದದ ಷೇರುಪತ್ರಗಳಿದ್ದವು, ಕೂಗಿ ಹೇಳುವ ಬೆಲೆಗಳಿದ್ದವು, ಸೆಬಿ ಆಗಷ್ಟೇ ಶಾಸನಬದ್ಧ ಅಧಿಕಾರ ಪಡೆದ ಕೂಸಾಗಿತ್ತು. ಆ ಹಗರಣದ ಬಳಿಕ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಬಂತು, ಕಂಪ್ಯೂಟರ್ ಪರದೆ ಬಂತು, 1996ರಲ್ಲಿ ಡಿಮ್ಯಾಟ್ ವ್ಯವಸ್ಥೆಯೂ ಬಂತು. ಇನ್ನು ಇಂತಹ ಆಟಕ್ಕೆ ಜಾಗವಿಲ್ಲವೆಂದು ಹಲವರು ನಂಬಿದರು. ಆ ನಂಬಿಕೆ ಒಂಬತ್ತು ವರ್ಷವೂ ಬಾಳಲಿಲ್ಲ.

2001: ಕೇತನ್ ಪರೇಖ್ ಮತ್ತು 'ಕೆ-10'

ಲೆಕ್ಕಪರಿಶೋಧಕರಾಗಿ ತರಬೇತಿ ಪಡೆದ, ದಲ್ಲಾಳಿ ಮನೆತನದ ಕೇತನ್ ಪರೇಖ್ 1999-2000ರ ಹೊತ್ತಿಗೆ ಮುಂಬೈ ಪೇಟೆಯ ಅತಿ ದೊಡ್ಡ ಗೂಳಿಯೆನಿಸಿದ್ದರು. ಮಾಹಿತಿ ತಂತ್ರಜ್ಞಾನ, ಮಾಧ್ಯಮ, ದೂರಸಂಪರ್ಕ ಕ್ಷೇತ್ರಗಳೆಂದರೆ ಜಗತ್ತೇ ಹುಚ್ಚೆದ್ದಿದ್ದ ಕಾಲವದು. ಅವರು ಮೆಚ್ಚಿದ ಷೇರುಗಳಿಗೆ ಪೇಟೆಯವರು 'ಕೆ-10' ಎಂದು ಹೆಸರಿಟ್ಟಿದ್ದರು. ಎಚ್‌ಎಫ್‌ಸಿಎಲ್, ಜೀ ಟೆಲಿಫಿಲ್ಮ್ಸ್, ಗ್ಲೋಬಲ್ ಟೆಲಿಸಿಸ್ಟಮ್ಸ್, ಡಿಎಸ್‌ಕ್ಯೂ ಸಾಫ್ಟ್‌ವೇರ್, ಪೆಂಟಾಮೀಡಿಯಾ ಗ್ರಾಫಿಕ್ಸ್, ಸಿಲ್ವರ್‌ಲೈನ್, ಆಫ್ಟೆಕ್ ಇನ್ಫೋಸಿಸ್ ಮುಂತಾದವು ಆ ಪಟ್ಟಿಯಲ್ಲಿದ್ದವು. (ಕೊನೆಯ ಹೆಸರಿಗೂ ಬೆಂಗಳೂರಿನ ಇನ್ಫೋಸಿಸ್‌ಗೂ ಸಂಬಂಧವಿಲ್ಲ.)

ಪರೇಖ್ ಯಾವ ಷೇರು ಕೊಳ್ಳುತ್ತಿದ್ದಾರೆ ಎಂಬ ಪಿಸುಮಾತೇ ಆ ಷೇರಿಗೆ ಸಾಕಾಗಿತ್ತು. ಕೊಳ್ಳಲು ಕಾರಣ ಹುಡುಕುವ ಅಗತ್ಯ ಯಾರಿಗೂ ಕಾಣಲಿಲ್ಲ. 2000ದ ಫೆಬ್ರುವರಿಯಲ್ಲಿ ಸೆನ್ಸೆಕ್ಸ್ 5,933ಕ್ಕೆ ಮುಟ್ಟಿತು. ದೂರದೂರದ ಊರುಗಳ ಸಂಬಳದಾರರು, ನಿವೃತ್ತರು ಮೊದಲ ಬಾರಿಗೆ ಡಿಮ್ಯಾಟ್ ಖಾತೆ ತೆರೆದು ಸಾಫ್ಟ್‌ವೇರ್ ಷೇರು ಕೊಳ್ಳಲು ಮುಂದಾದ ಕಾಲವೂ ಅದೇ.

ಈ ಏರಿಕೆಗೆ ಬೇಕಾದ ಹಣ ಎಲ್ಲಿಂದ ಬಂತು? ಕೆಲವು ಕಂಪನಿಗಳು ಪರೇಖ್ ಅವರ ಸಂಸ್ಥೆಗಳಿಗೆ ಹಣ ನೀಡಿದ್ದವೆಂಬುದು ಮುಂದೆ ಸಂಸತ್ತಿನ ಜಂಟಿ ಸಮಿತಿಯ ಎದುರು ಬಯಲಾಯಿತು. ಯಾವ ಕಂಪನಿಯ ಷೇರು ಏರುತ್ತಿತ್ತೋ ಅದೇ ಕಂಪನಿಯ ಸಮೂಹದಿಂದ ಹಣ ಬಂದರೆ ಆ ಏರಿಕೆಯ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಮೂಲ ಬ್ಯಾಂಕುಗಳು. ಹೈದರಾಬಾದ್‌ನ ಗ್ಲೋಬಲ್ ಟ್ರಸ್ಟ್ ಬ್ಯಾಂಕ್ ಮತ್ತು ಅಹಮದಾಬಾದ್‌ನ ಮಾಧವಪುರ ಮರ್ಕೆಂಟೈಲ್ ಸಹಕಾರಿ ಬ್ಯಾಂಕ್ ನೂರಾರು ಕೋಟಿ ಸಾಲ ನೀಡಿದ್ದವು. ಅಡವಿಟ್ಟದ್ದು ಅವೇ ಏರಿದ ಷೇರುಗಳು. ಷೇರು ಏರಿದಷ್ಟೂ ಹೆಚ್ಚು ಸಾಲ, ಸಾಲ ಹೆಚ್ಚಿದಷ್ಟೂ ಷೇರಿನ ಏರಿಕೆ.

ಮೂರನೆಯ ಆಸರೆ ಕಲ್ಕತ್ತಾ ಷೇರು ವಿನಿಮಯ ಕೇಂದ್ರ. ಆಗ ಇಡೀ ಹಣ ಕೊಡದೆ, ಬಡ್ಡಿ ತೆತ್ತು ವಹಿವಾಟನ್ನು ಮುಂದಿನ ಅವಧಿಗೆ ದೂಡುವ 'ಬದಲಾ' ಎಂಬ ಪದ್ಧತಿಯಿತ್ತು. ಲೆಕ್ಕ ಚುಕ್ತಾ ಮಾಡುವ ವಾರ ಒಂದೊಂದು ವಿನಿಮಯ ಕೇಂದ್ರದಲ್ಲಿ ಒಂದೊಂದು ದಿನ ಮುಗಿಯುತ್ತಿದ್ದುದರಿಂದ ಹೊರೆಯನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಸಾಗಿಸುವುದೂ ಸಾಧ್ಯವಿತ್ತು. ಕಣ್ಗಾವಲು ಸಡಿಲವಿದ್ದ ಕಲ್ಕತ್ತಾದಲ್ಲಿ ಸ್ಥಳೀಯ ದಲ್ಲಾಳಿಗಳ ಹೆಸರಿನಲ್ಲಿ ಅಪಾರ ಹೊರೆ ಜಮೆಯಾಗಿತ್ತು.

2000ದ ಮಾರ್ಚ್ ನಂತರ ಅಮೆರಿಕದ ನಾಸ್ಡಾಕ್ ಕುಸಿಯತೊಡಗಿತು. ಅಡವಿಟ್ಟ ಷೇರುಗಳ ಬೆಲೆ ಕರಗಿದಂತೆ ಸಾಲ ಕೊಟ್ಟವರು ಹೆಚ್ಚುವರಿ ಭದ್ರತೆ ಕೇಳಿದರು. ಮೇಲಕ್ಕೊಯ್ದ ಚಕ್ರವೇ ತಿರುಗಿ ಕೆಳಕ್ಕೆಳೆಯಲು ಆರಂಭಿಸಿತು. ಈ ಹೊತ್ತಿಗೆ ಎದುರಾಳಿ ಕರಡಿಗಳೂ ಕೆ-10 ಷೇರುಗಳನ್ನು ಮಾರಲು ಮುಗಿಬಿದ್ದಿದ್ದರು. 2001ರ ಫೆಬ್ರುವರಿ 28ರಂದು ಆಗಿನ ಹಣಕಾಸು ಸಚಿವ ಯಶವಂತ ಸಿನ್ಹಾ ಮಂಡಿಸಿದ ಬಜೆಟ್ ಅನ್ನು ಪೇಟೆ ಮೊದಲು ಸಂಭ್ರಮದಿಂದ ಸ್ವಾಗತಿಸಿತು. ಮಾರ್ಚ್ 2ರಂದು ಸೆನ್ಸೆಕ್ಸ್ 176 ಅಂಶ ಕುಸಿಯಿತು. ಕಲ್ಕತ್ತಾದಲ್ಲಿ ದಲ್ಲಾಳಿಗಳು ಹಣ ಪಾವತಿಸಲಾಗದೆ ಕೈಚೆಲ್ಲಿದರು.

ಅದೇ ತಿಂಗಳು ಮಾಧವಪುರ ಬ್ಯಾಂಕಿನ ಮುಂದೆ ಠೇವಣಿದಾರರ ಸಾಲು ನಿಂತಿತು. ಅದು ನೀಡಿದ್ದ 137 ಕೋಟಿ ರೂಪಾಯಿಯ ಪೇ ಆರ್ಡರ್‌ಗಳನ್ನು ಬ್ಯಾಂಕ್ ಆಫ್ ಇಂಡಿಯಾ ನಗದೀಕರಿಸಿ ಪರೇಖ್ ಸಂಸ್ಥೆಗಳಿಗೆ ಹಣ ಕೊಟ್ಟಿತ್ತು. ಆ ಪೇ ಆರ್ಡರ್‌ಗಳಿಗೆ ಹಣವಿಲ್ಲದೆ ವಾಪಸಾದವು. ಮಾರ್ಚ್ 30ರಂದು ಸಿಬಿಐ ಪರೇಖ್ ಅವರನ್ನು ಬಂಧಿಸಿತು. ಜಗತ್ತಿನ ಪೇಟೆಗಳ ಕುಸಿತವೂ ಸೇರಿಕೊಂಡು ಸೆಪ್ಟೆಂಬರ್ ವೇಳೆಗೆ ಸೆನ್ಸೆಕ್ಸ್ 2,600ರ ಆಸುಪಾಸಿಗೆ ಬಂದಿತ್ತು.

ಷೇರು ಕೊಳ್ಳದವರೂ ಸೋತರು

ಈ ಪ್ರಕರಣದಲ್ಲಿ ಸಣ್ಣವರ ನಷ್ಟ ಮೂರು ದಾರಿಗಳಲ್ಲಿ ಹರಡಿತು. ಮೊದಲನೆಯವರು ಏರಿದ ಬೆಲೆಯಲ್ಲಿ ನೇರವಾಗಿ ಕೊಂಡವರು. ಕೆ-10 ಪಟ್ಟಿಯ ಹಲವು ಕಂಪನಿಗಳ ಹೆಸರೇ ಇಂದು ಪೇಟೆಯಲ್ಲಿ ಕೇಳಿಬರುವುದಿಲ್ಲ. ಅವರ ಪೈಕಿ ಗ್ಲೋಬಲ್ ಟ್ರಸ್ಟ್ ಬ್ಯಾಂಕಿನ ಷೇರುದಾರರ ಕಥೆ ಎದ್ದು ಕಾಣುತ್ತದೆ. ಪೇಟೆಯಲ್ಲಿ ಮುಳುಗಿದ ಸಾಲಗಳಿಂದ ಚೇತರಿಸಿಕೊಳ್ಳಲಾಗದ ಆ ಬ್ಯಾಂಕನ್ನು 2004ರ ಆಗಸ್ಟ್‌ನಲ್ಲಿ ಓರಿಯೆಂಟಲ್ ಬ್ಯಾಂಕ್ ಆಫ್ ಕಾಮರ್ಸ್‌ನೊಡನೆ ವಿಲೀನಗೊಳಿಸಲಾಯಿತು. ಠೇವಣಿದಾರರ ಹಣ ಉಳಿಯಿತು. ಷೇರುದಾರರಿಗೆ ಒಂದೇ ಒಂದು ಷೇರೂ ಸಿಗಲಿಲ್ಲ.

ಎರಡನೆಯವರು ಷೇರು ಪೇಟೆಯ ಮುಖವನ್ನೇ ನೋಡದ ಸಹಕಾರಿ ಬ್ಯಾಂಕಿನ ಠೇವಣಿದಾರರು. ಮಾಧವಪುರ ಬ್ಯಾಂಕಿನಲ್ಲಿ ಗುಜರಾತಿನ ಹಲವು ಸಣ್ಣ ಸಹಕಾರಿ ಬ್ಯಾಂಕುಗಳು ತಮ್ಮ ಹಣವನ್ನಿಟ್ಟಿದ್ದರಿಂದ ಸಂಕಟ ಊರಿಂದೂರಿಗೆ ಹಬ್ಬಿತು. ವರ್ಷಗಟ್ಟಲೆ ಪುನಶ್ಚೇತನದ ಪ್ರಯತ್ನ ನಡೆದರೂ ಫಲ ಕಾಣದೆ, 2012ರಲ್ಲಿ ರಿಸರ್ವ್ ಬ್ಯಾಂಕ್ ಅದರ ಪರವಾನಗಿಯನ್ನೇ ರದ್ದುಪಡಿಸಿತು.

ಮೂರನೆಯವರು ಯೂನಿಟ್ ಟ್ರಸ್ಟ್‌ನ ಯುಎಸ್-64 ಯೋಜನೆಯಲ್ಲಿ ಹಣ ತೊಡಗಿಸಿದ್ದ ಸುಮಾರು ಎರಡು ಕೋಟಿ ಜನ. 1964ರಿಂದ ನಡೆದುಬಂದ ಆ ಯೋಜನೆಯನ್ನು ಮಧ್ಯಮ ವರ್ಗದ ಕುಟುಂಬಗಳು ಬ್ಯಾಂಕಿನ ಠೇವಣಿಯಂತೆಯೇ ನಂಬಿದ್ದವು. ಯೂನಿಟ್ ಟ್ರಸ್ಟ್ ಕೆ-10 ಷೇರುಗಳಲ್ಲೂ ಹಣ ತೊಡಗಿಸಿತ್ತು. 2001ರ ಜುಲೈ 2ರಂದು ಯುಎಸ್-64 ಯೂನಿಟ್‌ಗಳ ಮಾರಾಟ ಮತ್ತು ಮರುಖರೀದಿಯನ್ನು ಆರು ತಿಂಗಳ ಕಾಲ ಸ್ಥಗಿತಗೊಳಿಸಲಾಯಿತು. ಸಾರ್ವಜನಿಕರ ಆಕ್ರೋಶದ ನಂತರ 3,000 ಯೂನಿಟ್‌ಗಳವರೆಗೆ ಹತ್ತು ರೂಪಾಯಿಯಿಂದ ಆರಂಭವಾಗುವ ದರದಲ್ಲಿ ಹಿಂಪಡೆಯಲು ಅವಕಾಶ ನೀಡಬೇಕಾಯಿತು. ಸಣ್ಣ ಷೇರುದಾರ ಸಾಕಾಗದಿದ್ದಾಗ ಸಾರ್ವಜನಿಕ ಸಂಸ್ಥೆಯೂ ಹೊರಬಾಗಿಲಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಕೊಳ್ಳೆಯ ನಂತರ ಕೋಟೆ ಬಾಗಿಲು

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ಇಲ್ಲಿಗೆ ಒಪ್ಪುತ್ತದೆಯಾದರೂ, ಬಾಗಿಲು ಹಾಕಿದ್ದಂತೂ ನಿಜ. 2001ರ ಜುಲೈ 2ರಿಂದ ಬದಲಾ ಪದ್ಧತಿ ಕೊನೆಗೊಂಡಿತು. ವಾರದ ಲೆಕ್ಕದ ಬದಲು ದಿನದ ಲೆಕ್ಕ ಚುಕ್ತಾ ಮಾಡುವ ಕ್ರಮ ಬಂತು. ಅದು ಹಂತಹಂತವಾಗಿ ಚುರುಕಾಗಿ 2023ರ ಜನವರಿ ಅಂತ್ಯದಿಂದ ಎಲ್ಲ ಷೇರುಗಳಿಗೂ ವಹಿವಾಟಿನ ಮರುದಿನವೇ ಲೆಕ್ಕ ಮುಗಿಯುತ್ತಿದೆ. ವಿನಿಮಯ ಕೇಂದ್ರಗಳ ಆಡಳಿತದಿಂದ ದಲ್ಲಾಳಿಗಳನ್ನು ದೂರವಿಡಲಾಯಿತು. 2002ರಲ್ಲಿ ಸೆಬಿ ಕಾಯಿದೆಗೆ ಬಲ ಬಂದು, ವಂಚನೆಯ ವಹಿವಾಟಿಗೆ 25 ಕೋಟಿ ರೂಪಾಯಿ ಅಥವಾ ಗಳಿಸಿದ ಲಾಭದ ಮೂರು ಪಟ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟರವರೆಗೆ ದಂಡ ವಿಧಿಸುವ ಅಧಿಕಾರ ದೊರೆಯಿತು. 2003ರ ಡಿಸೆಂಬರ್‌ನಲ್ಲಿ ಪರೇಖ್ ಅವರಿಗೆ ಹದಿನಾಲ್ಕು ವರ್ಷ ಪೇಟೆ ನಿಷೇಧವಾಯಿತು.

ಸುಧಾರಣೆಯ ಇನ್ನೊಂದು ಮುಖ ನಮ್ಮ ರಾಜ್ಯಕ್ಕೂ ತಟ್ಟಿತು. ವಹಿವಾಟೆಲ್ಲ ಮುಂಬೈನ ಎರಡು ಕೇಂದ್ರಗಳತ್ತ ಹರಿದಂತೆ ಪ್ರಾದೇಶಿಕ ವಿನಿಮಯ ಕೇಂದ್ರಗಳು ಬಡವಾದವು. 1963ರಲ್ಲಿ ಸ್ಥಾಪನೆಯಾದ ಬೆಂಗಳೂರು ಷೇರು ವಿನಿಮಯ ಕೇಂದ್ರವೂ 2014ರಲ್ಲಿ ಬಾಗಿಲು ಮುಚ್ಚಿತು. ಇಂತಹ ಕೇಂದ್ರಗಳಲ್ಲಿ ಮಾತ್ರ ನೋಂದಣಿಯಾಗಿದ್ದ ಸಣ್ಣ ಕಂಪನಿಗಳ ಷೇರುದಾರರಿಗೆ ಮಾರಲು ಪೇಟೆಯೇ ಇಲ್ಲದಂತಾಯಿತು. ಬೆಲೆ ಕುಣಿಸುವವರಿಂದ ನಷ್ಟವಾಗುವುದು ಒಂದು ಬಗೆ, ಬೆಲೆಯೇ ಇಲ್ಲದಂತಾಗುವುದು ಮತ್ತೊಂದು ಬಗೆ.

ಪಿಸುಮಾತಿನಿಂದ ಯೂಟ್ಯೂಬ್‌ಗೆ

ಹಿಂದೆ ದಲಾಲ್ ಸ್ಟ್ರೀಟ್‌ನ ಪಿಸುಮಾತು ಮಾಡುತ್ತಿದ್ದ ಕೆಲಸವನ್ನು ಈಗ ಮೊಬೈಲ್ ಫೋನ್ ಮಾಡುತ್ತಿದೆ. 2022ರ ಜುಲೈ ತಿಂಗಳಲ್ಲಿ ಸಾಧನಾ ಬ್ರಾಡ್‌ಕಾಸ್ಟ್ ಎಂಬ ಸಣ್ಣ ಕಂಪನಿಯ ಕುರಿತು ಯೂಟ್ಯೂಬ್‌ನಲ್ಲಿ ವಿಡಿಯೊಗಳು ಕಾಣಿಸಿಕೊಂಡವು. ಅದಾನಿ ಸಮೂಹ ಈ ಕಂಪನಿಯನ್ನು ಕೊಳ್ಳಲಿದೆ, ದೊಡ್ಡ ಅಮೆರಿಕನ್ ಸಂಸ್ಥೆಯೊಂದು ನಾಲ್ಕು ಭಕ್ತಿ ಚಿತ್ರಗಳ ನಿರ್ಮಾಣಕ್ಕೆ 1,100 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿದೆ ಎಂದೆಲ್ಲ ಅವು ಸಾರಿದವು. ಯಾವುದೂ ನಿಜವಾಗಿರಲಿಲ್ಲ. ಹಣ ಕೊಟ್ಟು ಜಾಹೀರಾತಿನ ಮೂಲಕ ಆ ವಿಡಿಯೊಗಳನ್ನು ಲಕ್ಷಾಂತರ ಜನರಿಗೆ ಮುಟ್ಟಿಸಲಾಗಿತ್ತು.

2023ರ ಮಾರ್ಚ್‌ನಲ್ಲಿ ಹೊರಬಿದ್ದ ಸೆಬಿಯ ಮಧ್ಯಂತರ ಆದೇಶದಲ್ಲಿ ಒಂದು ಅಂಕಿಯಿದೆ. ಆ ಕಂಪನಿಯ ಸಣ್ಣ ಷೇರುದಾರರ ಸಂಖ್ಯೆ 2,167ರಿಂದ 55,343ಕ್ಕೆ ಏರಿತ್ತು. ಇದೇ ಅವಧಿಯಲ್ಲಿ ಪ್ರವರ್ತಕರ ಗುಂಪಿನ ಕೆಲವರು ಮತ್ತು ಅವರ ಜೊತೆಗಾರರು ಷೇರು ಮಾರಿ ಹೊರನಡೆದಿದ್ದರು. ಹೊರಬಾಗಿಲು ಎಂಬ ಮಾತನ್ನು ಇದಕ್ಕಿಂತ ಸ್ಪಷ್ಟವಾಗಿ ಅಂಕಿಗಳಲ್ಲಿ ಹೇಳಲಾಗದು. 2025ರ ಮೇ ತಿಂಗಳ ಅಂತಿಮ ಆದೇಶದಲ್ಲಿ ಸೆಬಿ ಹಲವರನ್ನು ಪೇಟೆಯಿಂದ ನಿಷೇಧಿಸಿ, 58 ಕೋಟಿ ರೂಪಾಯಿಯ ಅಕ್ರಮ ಲಾಭವನ್ನು ಬಡ್ಡಿಸಹಿತ ಮರಳಿಸುವಂತೆ ಸೂಚಿಸಿತು.

ಸೂಚ್ಯಂಕವನ್ನೇ ಅಲುಗಿಸಿದರೆ?

ಸಣ್ಣ ಕಂಪನಿಗಳಿಂದ ದೂರವಿದ್ದರೆ ಸಾಕೇ? 2025ರ ಜುಲೈ 3ರಂದು ಅಮೆರಿಕದ ಜೇನ್ ಸ್ಟ್ರೀಟ್ ಸಂಸ್ಥೆಯ ವಿರುದ್ಧ ಸೆಬಿ ಹೊರಡಿಸಿದ ಮಧ್ಯಂತರ ಆದೇಶ ಈ ಪ್ರಶ್ನೆಗೆ ಬೇರೆಯೇ ಉತ್ತರ ನೀಡುತ್ತದೆ. ಬ್ಯಾಂಕ್ ನಿಫ್ಟಿ ಸೂಚ್ಯಂಕದ ಆಪ್ಷನ್ ಕರಾರುಗಳ ಪೇಟೆ, ಆ ಸೂಚ್ಯಂಕದಲ್ಲಿರುವ ಬ್ಯಾಂಕ್ ಷೇರುಗಳ ಪೇಟೆಗಿಂತ ಬಹಳ ದೊಡ್ಡದು. ಚಿಕ್ಕ ಪೇಟೆಯಲ್ಲಿ ಬೆಲೆಯನ್ನು ಅಲುಗಿಸಿ ದೊಡ್ಡ ಪೇಟೆಯಲ್ಲಿ ಲಾಭ ಪಡೆಯಲಾಯಿತು ಎಂಬುದು ಸೆಬಿಯ ಆರೋಪ.

2024ರ ಜನವರಿ 17ರ ಉದಾಹರಣೆಯನ್ನು ಆದೇಶ ನೀಡುತ್ತದೆ. ಅಂದು ಬೆಳಗಿನ ಅವಧಿಯಲ್ಲಿ ಸಂಸ್ಥೆ ಸುಮಾರು 4,370 ಕೋಟಿ ರೂಪಾಯಿಯ ಬ್ಯಾಂಕ್ ಷೇರು ಮತ್ತು ಫ್ಯೂಚರ್ಸ್ ಕೊಂಡಿತು. ಇಳಿಯುತ್ತಿದ್ದ ಸೂಚ್ಯಂಕಕ್ಕೆ ಆಸರೆ ಸಿಕ್ಕಂತೆ ಕಂಡಿತು. ಅದೇ ವೇಳೆ ಆಪ್ಷನ್ ಪೇಟೆಯಲ್ಲಿ ಸೂಚ್ಯಂಕ ಇಳಿದರೆ ಲಾಭ ತರುವ ಬೃಹತ್ ಕರಾರುಗಳನ್ನು ಅದು ಮಾಡಿಕೊಂಡಿತ್ತು. ಮಧ್ಯಾಹ್ನ ಕೊಂಡದ್ದನ್ನೆಲ್ಲ ಮಾರಿತು, ಸೂಚ್ಯಂಕ ಇಳಿಯಿತು. ಷೇರುಗಳಲ್ಲಿ ಸುಮಾರು 61 ಕೋಟಿ ನಷ್ಟ, ಆಪ್ಷನ್‌ಗಳಲ್ಲಿ ಸುಮಾರು 735 ಕೋಟಿ ಲಾಭ ಎಂಬುದು ಸೆಬಿಯ ಲೆಕ್ಕ. ಒಟ್ಟಾರೆ 4,843 ಕೋಟಿ ರೂಪಾಯಿಯನ್ನು ಅಕ್ರಮ ಲಾಭವೆಂದು ಗುರುತಿಸಿ ಠೇವಣಿ ಇಡಲು ಸೂಚಿಸಲಾಯಿತು. ಸಂಸ್ಥೆ ಆ ಮೊತ್ತವನ್ನು ಠೇವಣಿ ಇಟ್ಟಿತಾದರೂ, ಇದು ಎರಡು ಪೇಟೆಗಳ ಬೆಲೆ ವ್ಯತ್ಯಾಸವನ್ನು ಬಳಸುವ ಸಾಮಾನ್ಯ ವಹಿವಾಟೆಂದು ವಾದಿಸಿ ಮೇಲ್ಮನವಿ ನ್ಯಾಯಮಂಡಳಿಯ ಮೊರೆಹೋಯಿತು.

ಆರೋಪದ ತೀರ್ಮಾನ ಏನೇ ಆಗಲಿ, ಎದುರು ಬದಿಯಲ್ಲಿ ಯಾರಿದ್ದರೆಂಬುದು ಮುಖ್ಯ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದರು. ಅವರೆಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿತ್ತು. ಈ ನಷ್ಟವೆಲ್ಲ ಕೈವಾಡದಿಂದ ಆದದ್ದಲ್ಲ. ಆದರೆ ಕೈವಾಡ ನಡೆದಾಗ ಮೊದಲು ತೆರುವವರು ಇವರೇ.

ಇನ್ನೊಂದು ವಿಧಾನ ಮುಂಚೂಣಿ ವಹಿವಾಟು. ದೊಡ್ಡ ನಿಧಿಯೊಂದು ಭಾರಿ ಪ್ರಮಾಣದಲ್ಲಿ ಕೊಳ್ಳಲಿದೆಯೆಂಬ ಗುಟ್ಟು ತಿಳಿದವನು ಅದಕ್ಕಿಂತ ಕೆಲವು ನಿಮಿಷ ಮೊದಲು ತಾನು ಕೊಂಡು, ಬೆಲೆ ಏರಿದ ಕೂಡಲೇ ಆ ನಿಧಿಗೇ ಮಾರುವುದು. 2025ರ ಜನವರಿ 2ರ ಮಧ್ಯಂತರ ಆದೇಶದಲ್ಲಿ ಸೆಬಿ ಇಂತಹ ಆರೋಪವನ್ನು ಹೊರಿಸಿ 65.77 ಕೋಟಿ ರೂಪಾಯಿ ಮುಟ್ಟುಗೋಲಿಗೆ ಸೂಚಿಸಿದವರ ಪಟ್ಟಿಯಲ್ಲಿ ಒಂದು ಹಳೆಯ ಹೆಸರಿತ್ತು: ಕೇತನ್ ಪರೇಖ್. ಫೋನ್‌ಗಳಲ್ಲಿ ಅವರ ಸಂಖ್ಯೆಗಳನ್ನು 'ಜಾಕ್', 'ಬಾಸ್' ಮುಂತಾದ ಹೆಸರುಗಳಲ್ಲಿ ಉಳಿಸಿಕೊಳ್ಳಲಾಗಿತ್ತೆಂದು ಆದೇಶ ಹೇಳಿದೆ.

ಕೆಳಕ್ಕೆ ತಳ್ಳುವ ಆಟ

ಬೆಲೆ ಏರಿಸುವುದಷ್ಟೇ ಆಟವಲ್ಲ. ಕಂಪನಿಯನ್ನು ಪೇಟೆಯಿಂದ ಹೊರತೆಗೆದು ಪೂರ್ತಿ ತಮ್ಮದಾಗಿಸಿಕೊಳ್ಳಲು ಬಯಸುವ ಪ್ರವರ್ತಕರಿಗೆ ಬೆಲೆ ಇಳಿದಿದ್ದರೆ ಲಾಭ. ಕೆಟ್ಟ ಸುದ್ದಿಯನ್ನು ಮುಂದೆ ಮಾಡಿ, ಲಾಭಾಂಶ ನಿಲ್ಲಿಸಿ ಷೇರುದಾರರನ್ನು ಬೇಸರಗೊಳಿಸಿದರೆ ಷೇರು ಅಗ್ಗವಾಗಿ ಕೈಸೇರುತ್ತದೆ. ಇದನ್ನು ತಡೆಯಲೆಂದೇ ಪೇಟೆಯಿಂದ ಹೊರಹೋಗುವ ಕಂಪನಿಗಳಿಗೆ ಒಂದು ಕಟ್ಟಳೆಯಿದೆ. ನಿರ್ಣಯದ ಪರವಾದ ಸಾರ್ವಜನಿಕ ಷೇರುದಾರರ ಮತಗಳು ವಿರೋಧದ ಮತಗಳ ಕನಿಷ್ಠ ಎರಡರಷ್ಟಿರಬೇಕು. ಸಣ್ಣ ಷೇರುದಾರನ ಕೈಯಲ್ಲಿರುವ ನಿಜವಾದ ಅಸ್ತ್ರವಿದು. ಅಂಚೆಯಲ್ಲೋ ಇಮೇಲ್‌ನಲ್ಲೋ ಬರುವ ಮತಪತ್ರವನ್ನು ಓದದೆ ಬದಿಗಿಡುವವರು ಆ ಅಸ್ತ್ರವನ್ನು ಎದುರಾಳಿಗೆ ಒಪ್ಪಿಸಿದಂತೆ.

ಓದುಗರು ಗಮನಿಸಬೇಕಾದದ್ದು

ಕೈವಾಡವನ್ನು ಹೊರಗಿನಿಂದ ಖಚಿತವಾಗಿ ಹೇಳುವುದು ಸಾಮಾನ್ಯ ಹೂಡಿಕೆದಾರನಿಗೆ ಸಾಧ್ಯವಿಲ್ಲ. ಆದರೆ ಕೆಲವು ಲಕ್ಷಣಗಳು ಎಚ್ಚರಿಕೆಯ ಗಂಟೆಯಾಗಬಲ್ಲವು. ಕಂಪನಿಯ ಮಾರಾಟ, ಲಾಭ ನಿಂತಲ್ಲೇ ನಿಂತಿದ್ದು ಷೇರು ದಿನವೂ ಮೇಲ್ಮಿತಿಗೆ ತಾಕುತ್ತಿದ್ದರೆ ಕಾರಣ ಕೇಳಿಕೊಳ್ಳಬೇಕು. ವಿನಿಮಯ ಕೇಂದ್ರಗಳು ಒಟ್ಟು ವಹಿವಾಟಿನಲ್ಲಿ ಎಷ್ಟು ಷೇರುಗಳು ನಿಜವಾಗಿ ಹಸ್ತಾಂತರವಾದವೆಂಬ ಅಂಕಿಯನ್ನು ಪ್ರಕಟಿಸುತ್ತವೆ. ವಹಿವಾಟು ಭಾರಿ ಇದ್ದು ಹಸ್ತಾಂತರ ಅತ್ಯಲ್ಪವಾಗಿದ್ದರೆ ಅದು ಗಮನಿಸತಕ್ಕ ಸಂಗತಿ.

ಮೂರು ತಿಂಗಳಿಗೊಮ್ಮೆ ಬರುವ ಷೇರುದಾರಿಕೆ ವಿವರವನ್ನು ನೋಡುವ ಅಭ್ಯಾಸವಿರಲಿ. ಬೆಲೆ ಏರುತ್ತಿರುವಾಗ ಪ್ರವರ್ತಕರ ಪಾಲು ಇಳಿದು ಸಣ್ಣ ಷೇರುದಾರರ ಸಂಖ್ಯೆ ದಿಢೀರನೆ ಉಬ್ಬಿದ್ದರೆ ಬಾಗಿಲು ತೆರೆದಿದೆ ಎಂದೇ ಅರ್ಥ. ಪ್ರವರ್ತಕರು ಎಷ್ಟು ಷೇರುಗಳನ್ನು ಅಡವಿಟ್ಟಿದ್ದಾರೆಂಬುದೂ ಅಲ್ಲೇ ಸಿಗುತ್ತದೆ. ಸತ್ಯಂ ಹಗರಣ ಸ್ಫೋಟಿಸಿದ 2009ರ ಜನವರಿಯಲ್ಲೇ ಸೆಬಿ ಈ ವಿವರವನ್ನು ಕಡ್ಡಾಯಗೊಳಿಸಿತು. ವಿನಿಮಯ ಕೇಂದ್ರಗಳು ಹೆಚ್ಚುವರಿ ನಿಗಾದಡಿ ಇರಿಸಿದ ಷೇರುಗಳ ಪಟ್ಟಿಯನ್ನೂ ತಮ್ಮ ತಾಣಗಳಲ್ಲಿ ಹಾಕುತ್ತವೆ. ಯಾರೋ ಕಳುಹಿಸಿದ ಸಂದೇಶ ನಂಬುವ ಮುನ್ನ ಅತ್ತ ಒಮ್ಮೆ ಕಣ್ಣು ಹಾಯಿಸಲು ಎರಡು ನಿಮಿಷ ಸಾಕು. ಸಂದೇಹ ಬಂದರೆ ಸೆಬಿಯ 'ಸ್ಕೋರ್ಸ್' ದೂರು ವ್ಯವಸ್ಥೆಯಿದೆ.

ಇಷ್ಟೆಲ್ಲ ಇದ್ದರೂ ಒಂದು ಕೊರತೆ ಹಾಗೇ ಉಳಿದಿದೆ. ಸೆಬಿ ವಶಪಡಿಸಿಕೊಳ್ಳುವ ಅಕ್ರಮ ಲಾಭ ಬಹುತೇಕ ಸಂದರ್ಭಗಳಲ್ಲಿ ನಷ್ಟಹೊಂದಿದ ವ್ಯಕ್ತಿಯ ಕೈಗೆ ನೇರವಾಗಿ ಮರಳುವುದಿಲ್ಲ. ಸಾಧನಾ ಪ್ರಕರಣದ ವಿಡಿಯೊಗಳಿಂದ ಅಂತಿಮ ಆದೇಶದವರೆಗೆ ಸುಮಾರು ಮೂರು ವರ್ಷ ಹಿಡಿಯಿತು. ಕೇತನ್ ಪರೇಖ್ ಮೇಲಿನ ನಿಷೇಧಕ್ಕೂ ಕುಸಿತದ ನಂತರ ಎರಡೂವರೆ ವರ್ಷ ಕಾಯಬೇಕಾಯಿತು. ಶಿಕ್ಷೆ ಬರುವ ಹೊತ್ತಿಗೆ ಕೊಂಡವನು ಕೈಬಿಟ್ಟು ಹೋಗಿರುತ್ತಾನೆ. ಕಾನೂನು ತಪ್ಪಿತಸ್ಥನನ್ನು ಹಿಡಿಯಬಲ್ಲದು, ಮಗಳ ಮದುವೆಗೆಂದು ಎತ್ತಿಟ್ಟ ಹಣವನ್ನು ಹಿಂದಿರುಗಿಸಲಾರದು.

ಆದುದರಿಂದ ಏರುತ್ತಿರುವ ಷೇರೊಂದನ್ನು ಕೊಳ್ಳುವ ಮುನ್ನ ಇದು ಇನ್ನೆಷ್ಟು ಏರಬಹುದು ಎಂದು ಲೆಕ್ಕ ಹಾಕುವುದರ ಜೊತೆಗೆ, ಈ ಬೆಲೆಗೆ ನನಗೆ ಮಾರುತ್ತಿರುವವರು ಯಾರು, ಯಾಕೆ ಮಾರುತ್ತಿದ್ದಾರೆ ಎಂದೂ ಕೇಳಿಕೊಳ್ಳುವುದು ಒಳಿತು. ಉತ್ತರ ಸಿಗದಿದ್ದರೆ ಆ ದಿನ ಕೊಳ್ಳದೆ ಸುಮ್ಮನಿದ್ದರೂ ನಷ್ಟವೇನಿಲ್ಲ.